ಎಪ್ಪತ್ತೇಳರ ಕೂಸು

ವಿನಿಪೆಗ್
12 ಅಕ್ಟೋಬರ್ 1982

ಸೆಲ್ವಿನ್,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯ. ಮನೆಯಲ್ಲಿ ಟೆಲಿಫೋನು ಯಾಕಿದೆ, ಧೂಳು ಒರೆಸುವುದಕ್ಕಾ? "ಅಮ್ಮಾ, ಫೋನಲ್ಲಿ ನೀನು ಕಿರುಚ್ತೀಯ, ಮಕ್ಕಳು ಹೆದರ್ಕೋತಾರೆ, ಏನಿದ್ರೂ ಬರೆದು ಕಳಿಸು" ಅಂದೆ. ಮಕ್ಕಳು ಹೆದರುವುದಿಲ್ಲ, ಹೆದರುವವನು ನೀನು. ಸರಿ, ಬರೆಯುತ್ತೇನೆ. ಕಿರುಚಿದರೆ ನಡುವೆ ಬಾಯಿ ಹಾಕಬಹುದಿತ್ತು, ಬರೆದದ್ದನ್ನು ಪೂರ್ತಿ ಓದಲೇಬೇಕು. ನಷ್ಟ ನಿನಗೇ. ಆರನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ ಹೀಗೇ ಇರುತ್ತದೆ, ಕನ್ನಡಕ ಹಾಕಿಕೊಂಡು ಓದು.

ಆಗಸ್ಟಿನಲ್ಲಿ ನಿನ್ನ ಅಪ್ಪನ ಸಮಾಧಿಗೆ ಕಲ್ಲು ನಿಲ್ಲಿಸಲೆಂದು ನೀನು, ನಿನ್ನ ಹೆಂಡತಿ, ಮಕ್ಕಳು ಟೊರಾಂಟೊದಿಂದ ಬಂದಿರಿ. ಶುಕ್ರವಾರ ಸಂಜೆ ನಾನು ಮೇಜಿನ ಮೇಲೆ ವೈನಿನ ಗಾಜಿನ ಹೂಜಿ ಇಟ್ಟೆ. ಅಂಗಡಿಯದಲ್ಲ. ಕಪ್ಪು ದ್ರಾಕ್ಷಿ ತಂದು, ನಿನ್ನ ಅಪ್ಪ ಮಾಡುತ್ತಿದ್ದ ಹಾಗೆಯೇ ಕಿವುಚಿ, ಸೋಸಿ, ಕೆಳಗಿನ ಉಗ್ರಾಣದಲ್ಲಿ ಚಳಿಗಾಲ ಪೂರ್ತಿ ಕಾಪಾಡಿದ್ದು. ನಿನ್ನ ಅಪ್ಪ ಬೆರಲ್ ಹೋದ ಮೇಲೆ ನಾನೊಬ್ಬಳೇ ಮಾಡಿದ ಮೊದಲ ವೈನು. ಹೂಜಿ ಇಟ್ಟು, ದೀಪ ಹಚ್ಚಲು ತಲೆಗೆ ವಸ್ತ್ರ ತರೋಣವೆಂದು ಒಳಕೋಣೆಗೆ ಹೋದೆ. ವಾಪಸು ಬರುವಾಗ ನೋಡಿದರೆ ನೀನು ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದೀಯ, ಹೂಜಿ ನಿನ್ನ ಕೈಯಲ್ಲಿ ತಲೆಕೆಳಗಾಗಿದೆ. ಆಮೇಲೆ ಚೀಲದಿಂದ ನಿನ್ನದೊಂದು ಸೀಸೆ ತೆಗೆದೆ. ಹೂಜಿ ತೊಳೆದೆ, ತುಂಬಿಸಿದೆ, ಬಾಯಿ ಒರೆಸಿದೆ, ನಾನು ಇಟ್ಟಿದ್ದ ಜಾಗದಲ್ಲೇ ತಂದು ಇಟ್ಟೆ. ಕಳ್ಳರು ವಸ್ತು ಒಯ್ಯುತ್ತಾರೆ. ನೀನು ಯಾವ ಜಾತಿಯ ಕಳ್ಳನೋ, ತಂದಿಟ್ಟು ಹೋಗುವವನು.

ಆಮೇಲೆ ಕಣ್ಣು ಮುಚ್ಚಿಕೊಂಡು ಎಷ್ಟು ಭಕ್ತಿಯಿಂದ ಮಂತ್ರ ಹೇಳಿದೆ. ನಾನೂ ಕುಡಿದೆ. ಜಾಮಿನ ಪಾತ್ರೆ ತೊಳೆದ ನೀರಿನ ಹಾಗಿತ್ತು. ಏನೂ ಮಾತಾಡಲಿಲ್ಲ, ಭಾನುವಾರ ಕಲ್ಲು ನಿಲ್ಲಿಸುವುದಿತ್ತು. ಜೊತೆಗೆ ನಿನ್ನ ಹೆಂಡತಿ ನನ್ನ ಚಮಚಗಳನ್ನು ಪೊಲೀಸಿನವನು ಶಂಕಿತರನ್ನು ನೋಡುವ ಹಾಗೆ ನೋಡುತ್ತಿದ್ದಳು. ಒಂದು ಹೊತ್ತಿಗೆ ಒಂದು ಜಗಳ ಸಾಕು ಅಂದುಕೊಂಡೆ.

ಹೋದ ವಾರ ಫೋನಿನಲ್ಲಿ ಕೇಳಿದರೆ "ಹುಳಿಯಾಗಿತ್ತಮ್ಮಾ" ಅಂದೆ. ನನ್ನ ವೈನು ಹುಳಿಯಾಗಿರಲಿಲ್ಲ. ಅದೇ ಪೀಪಾಯಿಯದನ್ನು ಪಕ್ಕದ ಮನೆಯ ಮಿಸೆಸ್ ಕಾಮಿನ್ಸ್ಕಿ ಹಬ್ಬಕ್ಕೆ ಒಯ್ದು, ಮತ್ತೆ ಪಾತ್ರೆ ಹಿಡಿದುಕೊಂಡು ಬಂದಳು. ಅವಳು ಹುಳಿ ಮಜ್ಜಿಗೆಯನ್ನೂ ವಾಪಸು ತರುವವಳು.

ಗಡ್ಡ ಬಿಟ್ಟವನು, ದಿನಕ್ಕೆ ಮೂರು ಸಲ ಪ್ರಾರ್ಥನೆ ಮಾಡುವವನು, ಹೆತ್ತ ತಾಯಿಗೆ ಸುಳ್ಳು ಹೇಳಬೇಕಾದರೆ ಅದರ ಹಿಂದೆ ಏನೋ ದೊಡ್ಡದಿದೆ. ಅದು ಏನು ಅಂತ ಬರಿ.

ನಿನ್ನ ಅಮ್ಮ
ಬೇಯ್ಲಾ


ದೇವರ ಸಹಾಯದಿಂದ

ಟೊರಾಂಟೊ
7 ನವೆಂಬರ್ 1982

ಪ್ರೀತಿಯ ಅಮ್ಮನಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ವೈನು ಹುಳಿಯಾಗಿರಲಿಲ್ಲ. ನಿನ್ನನ್ನು ನೋಯಿಸಬಾರದೆಂದು ಹಾಗೆ ಹೇಳಿದೆ. ತಪ್ಪಾಯಿತು.

ಕಾರಣವನ್ನು ಹೇಗೆ ಬರೆಯಬೇಕೋ ತಿಳಿಯದೆ ಇಷ್ಟು ದಿನ ತಡವಾಯಿತು. ವೈನಿನ ವಿಷಯದಲ್ಲಿ ನಿಯಮ ಬಹಳ ಬಿಗಿ. ಒಂದು ಕಾಲದಲ್ಲಿ ಅದು ಬಲಿಪೀಠದ ಮೇಲೆ ಸುರಿಯುವ ವಸ್ತುವಾಗಿತ್ತು, ಹಾಗಾಗಿ ವಿಗ್ರಹ ಪೂಜಿಸುವವರು ಮುಟ್ಟಿದ ವೈನನ್ನು ನಾವು ಕುಡಿಯುವುದಿಲ್ಲ. ತಿಳಿದೂ ತಿಳಿದೂ ಎಲ್ಲರೆದುರು ಶನಿವಾರದ ಸಬ್ಬತ್ ವಿಶ್ರಾಂತಿಯನ್ನು ಮುರಿಯುವ ಯೆಹೂದ್ಯರನ್ನು ಕೂಡ ಈ ಒಂದು ವಿಷಯದಲ್ಲಿ ಅದೇ ಸಾಲಿಗೆ ಸೇರಿಸಿದ್ದಾರೆ. ನೀನು ಶನಿವಾರ ಕಾರು ಓಡಿಸುತ್ತೀಯ. ಇದು ನಿನ್ನ ಬಗ್ಗೆ ನನ್ನ ಅಭಿಪ್ರಾಯವಲ್ಲ ಅಮ್ಮ, ನಿಯಮ. ನಿನ್ನ ಕೈಯ ಮೇಲೆ ನನಗೆ ಯಾವ ಹೇಸಿಗೆಯೂ ಇಲ್ಲ.

ಕುದಿಸಿದ ವೈನಾದರೆ ಈ ತೊಂದರೆಯೇ ಇಲ್ಲ. ಕುದಿಸಿದ್ದನ್ನು ಬಲಿಪೀಠಕ್ಕೆ ಕೊಡುತ್ತಿರಲಿಲ್ಲ, ಆದ್ದರಿಂದ ಅದನ್ನು ಯಾರು ಮುಟ್ಟಿದರೂ ಕೆಡುವುದಿಲ್ಲ. ಯಾರಿಗೂ ಮುಜುಗರವಾಗದಿರಲಿ ಎಂದು ನಮ್ಮ ರಬ್ಬಿಯೇ ಅಂಥ ಸೀಸೆ ಒಯ್ಯಲು ಹೇಳಿದ್ದರು. ಪಸ್ಕ ಹಬ್ಬಕ್ಕೆ ನಿನ್ನ ಮನೆಗೇ ಬರಬೇಕೆಂದು ನಮಗೆಲ್ಲ ಆಸೆಯಿದೆ. ಪಾತ್ರೆ, ಊಟ ನಾವೇ ತರುತ್ತೇವೆ. ಆಗಲೂ ಕುದಿಸಿದ ವೈನನ್ನೇ ತಂದರೆ ಯಾರೂ ಏನೂ ಕೇಳುವ ಪ್ರಮೇಯವಿಲ್ಲ. ನೀನೇ ಎಲ್ಲರಿಗೂ ಸುರಿಯಬಹುದು.

ಡ್ವೋರಾ ನಮಸ್ಕಾರ ತಿಳಿಸಿದ್ದಾಳೆ.

ನಿನ್ನ ಮಗ
ಜ಼ಲ್ಮನ್


ವಿನಿಪೆಗ್
19 ನವೆಂಬರ್ 1982, ಶುಕ್ರವಾರ

ಸೆಲ್ವಿನ್,

ನೀನು ಜ಼ಲ್ಮನ್ ಅಂತ ಸಹಿ ಹಾಕಿಕೋ, ನಿನ್ನ ಹೆಂಡತಿ ಡೆಬ್ರಾ ಹೋಗಿ ಡ್ವೋರಾ ಆಗಲಿ. ನಾನು ಹೆತ್ತದ್ದು ಸೆಲ್ವಿನ್‌ನನ್ನು.

ಸೂರ್ಯ ಮುಳುಗಿದ್ದಾನೆ. ದೀಪ ಹಚ್ಚಿ ಆಯಿತು, ಸಬ್ಬತ್ ಶುರುವಾಯಿತು. ಈ ಹೊತ್ತಿನಲ್ಲಿ ಬರೆಯಬಾರದು ಅಂತ ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೇಲಿನ ತಾರೀಖನ್ನು ಇನ್ನೊಮ್ಮೆ ನೋಡಿಕೋ.

ಹಾಗಾದರೆ ತಪ್ಪು ನನ್ನ ಕೈಯದು. ಈ ಕೈ ನಿನ್ನ ಕುಂಡಿ ತೊಳೆದಿದೆ, ಅದೇನೂ ಕೆಡಲಿಲ್ಲ. ವೈನು ಮಾತ್ರ ಕೆಟ್ಟುಹೋಗುತ್ತದೆ. ಒಳ್ಳೆಯ ಮಡಿ ಕಲಿತಿದ್ದೀಯ. ಮೂವತ್ತೈದು ವರ್ಷದವರೆಗೆ ನನ್ನ ಕೈ ಸುರಿದ ವೈನು ಕುಡಿದು ಮೀಸೆ ಒರೆಸಿಕೊಂಡವನು ನೀನು. ಅದನ್ನೆಲ್ಲ ಈಗ ಯಾವ ಸಿಂಕಿನಲ್ಲಿ ಕಾರಿಕೊಳ್ಳುತ್ತೀಯ?

ನೀನು ಹೇಳಿದ್ದು ನಿಜವೋ, ಅಥವಾ ಟೊರಾಂಟೊದಲ್ಲಿ ಹೊಸದಾಗಿ ಹುಟ್ಟಿಸಿದ್ದೋ ನೋಡೋಣವೆಂದು ಹೋದ ಶನಿವಾರ ನಮ್ಮ ರಬ್ಬಿಯನ್ನೇ ಹಿಡಿದು ಕೇಳಿದೆ.

"ರಬ್ಬೀ, ನಾನು ಸುರಿದ ವೈನು ನೀವು ಕುಡೀತೀರಾ?"

ಅವನು ಮೊದಲು ಗಡಿಯಾರ ನೋಡಿದ, ಆಮೇಲೆ ಬಾಗಿಲು ನೋಡಿದ. "ಅದಕ್ಕೆ ಬೇರೆ ಬೇರೆ ಅಭಿಪ್ರಾಯ ಇದೆ, ಮಿಸೆಸ್ ಗುರೆವಿಚ್."

"ನಿಮ್ಮದು ಯಾವುದು?"

"ನಂಗೆ ವೈನು ಕುಡಿದ್ರೆ ತಲೆನೋವು ಬರತ್ತೆ."

ಇಂಥವನಿಗೆ ನಾವು ಸಂಬಳ ಕೊಡುತ್ತೇವೆ. ನಿನ್ನ ರಬ್ಬಿಯಾದರೂ ಬಾಯಿ ಬಿಟ್ಟು ಬೈಯುತ್ತಾನೆ, ಇವನಿಗೆ ತಲೆನೋವು.

ನಿನ್ನವರನ್ನು ಮಾತ್ರ ಹೀಗಳೆಯುತ್ತೇನೆ ಅಂದುಕೊಳ್ಳಬೇಡ. ಇಲ್ಲಿಯವರೇನು ಕಡಿಮೆಯಿಲ್ಲ. ಕಿವಿಯ ಡಾಕ್ಟರ್ ಸೊಕೊಲ್‌ನನ್ನು ನೋಡು. ಶನಿವಾರ ಕಾರನ್ನು ಪೆಟ್ರೋಲ್ ಬಂಕಿನ ಹಿಂದೆ ಬಚ್ಚಿಟ್ಟು, ಅಲ್ಲಿಂದ ಎರಡು ಬೀದಿ ನಡೆದುಕೊಂಡು, ಬೂಟಿನ ಹಿಮ ಕೊಡವುತ್ತಾ ಸಿನಗಾಗಿಗೆ ಪ್ರಾರ್ಥನೆಗೆ ಬರುತ್ತಾನೆ. ಈಜಿಪ್ಟಿನಿಂದಲೇ ನಡೆದುಬಂದವನ ಮುಖ ಮಾಡಿಕೊಂಡಿರುತ್ತಾನೆ. ನಾನು ಸಿನಗಾಗಿನ ಎದುರಿಗೇ ನಿಲ್ಲಿಸುತ್ತೇನೆ. "ಬೇಯ್ಲಾ, ಸ್ವಲ್ಪ ಆ ಕಡೆ ನಿಲ್ಲಿಸಬಾರ್ದಾ, ಜನ ನೋಡ್ತಾರೆ" ಅಂದ. "ನೋಡಲಿ ಅಂತಾನೇ ನಿಲ್ಲಿಸಿರೋದು. ದೇವರು ಬಂಕಿನ ಹಿಂದೆ ನೋಡಲ್ವಾ? ಅಲ್ಲಿ ನಿನ್ನ ಕಾರಿನ ಸದ್ದು ಕೇಳ್ಸೋಕೆ ಅವನಿಗೂ ಕಿವಿ ಡಾಕ್ಟರೇ ಬೇಕಾ?" ಅಂದೆ. ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಹಳ ಆರಾಮಾಗಿದೆ.

ಮಿಸೆಸ್ ಕಾಮಿನ್ಸ್ಕಿಯ ಕಥೆ ಇನ್ನೂ ಚೆನ್ನ. ಹಾಲಿಗೊಂದು, ಮಾಂಸಕ್ಕೊಂದು, ಪಸ್ಕಕ್ಕೆ ಮತ್ತೆರಡು ಜೊತೆ ಪಾತ್ರೆ ಇಟ್ಟಿದ್ದಾಳೆ. ಚೀನೀ ಹೋಟೆಲಿನಿಂದ, ನಮಗೆ ನಿಷಿದ್ಧವಾದ ಸಿಗಡಿ ತರಿಸಿದರೆ ಕಾಗದದ ತಟ್ಟೆ, ಬಾಲ್ಕನಿಯ ಮೇಜು. "ನನ್ನ ಅಡುಗೆಮನೆ ಶುದ್ಧ ಕೋಷರ್ ಬೇಯ್ಲಾ, ಒಂದು ಚಮಚನೂ ಕೆಟ್ಟಿಲ್ಲ" ಅನ್ನುತ್ತಾಳೆ. "ಅಡುಗೆಮನೆ ಸ್ವರ್ಗಕ್ಕೆ ಹೋಗತ್ತೆ. ನೀನು ಬಾಲ್ಕನಿಯಲ್ಲೇ ಇರು" ಅಂದೆ.

ಗೆರೆಯನ್ನು ಎಲ್ಲರೂ ತಮ್ಮ ಹಿಮ್ಮಡಿಗೆ ಅಂಟಿಸಿಯೇ ಎಳೆದುಕೊಳ್ಳುತ್ತಾರೆ. ಒಂದು ಅಂಗುಲ ಹಿಂದೆ ನಿಂತವನು ಧರ್ಮಭ್ರಷ್ಟ. ನನ್ನ ಗೆರೆಯನ್ನೂ ಕೇಳಿಕೋ. ದೀಪ ಹಚ್ಚುತ್ತೇನೆ. ಪ್ರಾಯಶ್ಚಿತ್ತದ ದಿನ ಉಪವಾಸ ಮಾಡುತ್ತೇನೆ, ನೀರೂ ಮುಟ್ಟುವುದಿಲ್ಲ. ಮನೆಗೆ ಕೋಷರ್ ಮಾಂಸ ಬಿಟ್ಟು ಬೇರೆ ತರುವುದಿಲ್ಲ, ಹೊರಗೆ ಸಿಕ್ಕಿದ್ದನ್ನು ತಿನ್ನುತ್ತೇನೆ. ಶನಿವಾರ ಕಾರು ಓಡಿಸುತ್ತೇನೆ. ನಾನು ಯೆಹೂದ್ಯಳು. ಅದಕ್ಕೆ ನಿನ್ನ ಸೀಸೆಯ ಚೀಟಿ ಬೇಕಾಗಿಲ್ಲ.

ಪಸ್ಕದ ಮಾತಿಗೆ ಬರೋಣ. ನಿನ್ನ ಅಪ್ಪ ಹೋದ ಮೇಲಿನ ಮೊದಲ ಪಸ್ಕದಲ್ಲಿ ನಾನು ಕಾಮಿನ್ಸ್ಕಿಯ ಮನೆಯಲ್ಲಿ ಅತಿಥಿಯಾಗಿ ಕೂತಿದ್ದೆ. ಅವಳ ಅಳಿಯ ಹಬ್ಬದ ರಾತ್ರಿ ಓದುವ ಪುಸ್ತಕದ ಅರ್ಧ ಹಾಳೆಗಳನ್ನು ಹಾರಿಸಿ ಸೂಪಿಗೆ ಬಂದುಬಿಟ್ಟ. ಇನ್ನೊಮ್ಮೆ ಯಾರ ಮನೆಯಲ್ಲೂ ಕೂರುವುದಿಲ್ಲ. ಈ ಸಲ ನನ್ನ ಮೇಜು, ಸುತ್ತ ನೀವು. ನಿನ್ನ ಮಗಳು ಹೆನಿ ಮೇಜಿನಲ್ಲಿ ಹಬ್ಬದ ಪ್ರಶ್ನೆ ಕೇಳಬೇಕು, ನಾನು ಕೇಳಿಸಿಕೊಳ್ಳಬೇಕು. ನನಗೆ ಬೇಕಾಗಿರುವುದು ಇಷ್ಟೇ. ಆದರೆ ಬರುವುದಾದರೆ ನನ್ನ ವೈನು. ಕುದಿಸಿದ ಆ ಕಷಾಯ ನನ್ನ ಮೇಜು ಹತ್ತಕೂಡದು.

ಅಮ್ಮ


ದೇವರ ಸಹಾಯದಿಂದ

ಟೊರಾಂಟೊ
16 ಜನವರಿ 1983

ಪ್ರೀತಿಯ ಅಮ್ಮನಿಗೆ,

ಒಳ್ಳೆಯ ಸುದ್ದಿ ಇದೆ. ದಾರಿ ಸಿಕ್ಕಿತು.

ನಿನ್ನ ಪತ್ರ ಬಂದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಡ್ವೋರಾಳೇ ರಬ್ಬಿಯ ಬಳಿ ಹೋಗಿ ಮಾತಾಡು ಎಂದಳು. ಅವರಿಗೆ ಎಲ್ಲವನ್ನೂ ಹೇಳಿದೆ: ನೀನು ಚಿಕ್ಕಂದಿನಲ್ಲೇ ಕಾರ್ಖಾನೆಗೆ ಹೋದದ್ದು, ಆರನೇ ತರಗತಿಗೆ ಶಾಲೆ ಬಿಟ್ಟದ್ದು, ಈ ದೇಶದಲ್ಲಿ ಆಗ ಯಾರೂ ಸರಿಯಾಗಿ ಕಲಿಸುತ್ತಿರಲಿಲ್ಲ ಎಂಬುದು. ಅವರು ಬಹಳ ಹೊತ್ತು ಯೋಚಿಸಿ, ನಗುತ್ತಾ, "ಹಾಗಾದ್ರೆ ಚಿಂತೆ ಯಾಕೆ?" ಎಂದರು.

ನಮ್ಮ ಹಳೆಯ ಗುರುಗಳು ಒಂದು ಮಾತು ಹೇಳಿದ್ದಾರೆ. ಯೆಹೂದ್ಯರ ಕೂಸೊಂದು ಅನ್ಯರ ಕೈಗೆ ಸೆರೆಸಿಕ್ಕಿ ಅವರ ನಡುವೆಯೇ ಬೆಳೆದರೆ, ಅದಕ್ಕೆ ನಿಯಮವೇ ತಿಳಿದಿರುವುದಿಲ್ಲ. ಅದು ಏನು ಮುರಿದರೂ ತಪ್ಪಲ್ಲ. ಈ ಕಾಲದಲ್ಲಿ, ಇಂಥ ದೇಶದಲ್ಲಿ ಬೆಳೆದವರನ್ನು ಸೆರೆಸಿಕ್ಕ ಕೂಸುಗಳೆಂದೇ ಎಣಿಸಬಹುದು ಎಂದು ಹೇಳುವ ದೊಡ್ಡವರಿದ್ದಾರೆ. ನೀನು ಆ ಲೆಕ್ಕಕ್ಕೆ ಬರುತ್ತೀಯ. ಆಗ ನಿನ್ನ ಕೈ ಮುಟ್ಟಿದ್ದರಿಂದ ವೈನಿಗೆ ಏನೂ ಆಗುವುದಿಲ್ಲ. ಕುದಿಸುವುದೂ ಬೇಡ. ನಿನ್ನದೇ ವೈನು, ನೀನೇ ಸುರಿ, ನಾವು ಸಂತೋಷವಾಗಿ ಕುಡಿಯುತ್ತೇವೆ.

ವಿಮಾನದ ಟಿಕೆಟ್ ವಿಚಾರಿಸುತ್ತಿದ್ದೇನೆ. ನಿನ್ನ ನವೆಂಬರಿನ ಪತ್ರವನ್ನು ರಬ್ಬಿಗೆ ತೋರಿಸಲಿಲ್ಲ. ಅಗತ್ಯವೂ ಇರಲಿಲ್ಲ.

ನಿನ್ನ ಮಗ
ಜ಼ಲ್ಮನ್


ಟೊರಾಂಟೊ
30 ಜನವರಿ

ಪ್ರೀತಿಯ ಅಜ್ಜಿ,

ನಾನು ಹೆನಿ. ನಿನ್ನನ್ನು ಚಿಕ್ಕವಳಿದ್ದಾಗ ಯಾರೋ ಎತ್ತಿಕೊಂಡು ಹೋಗಿದ್ದರಂತೆ. ಅಪ್ಪ ಅಮ್ಮನ ಹತ್ತಿರ ಹೇಳುತ್ತಿದ್ದರು, ನಾನು ಕೇಳಿಸಿಕೊಂಡೆ. ಕೇಳಿದರೆ ನಿನಗೆ ಬೇಜಾರಾಗುತ್ತದೆ ಅಂತ ಅಪ್ಪ ಅಂದರು, ಆದರೂ ಕೇಳುತ್ತಿದ್ದೇನೆ. ಅವರು ನಿನಗೆ ಊಟ ಕೊಟ್ಟರಾ? ಅದು ಕೋಷರ್ ಇತ್ತಾ? ಆಗ ನೀನು ತುಂಬಾ ಅತ್ತೆಯಾ? ಯಾರು ಬಿಡಿಸಿಕೊಂಡು ಬಂದರು?

ಸೆರೆಯಲ್ಲಿ ಇರುವವರನ್ನು ಬಿಡಿಸುವುದಕ್ಕಿಂತ ದೊಡ್ಡ ಪುಣ್ಯ ಇಲ್ಲ ಅಂತ ನಮ್ಮ ಟೀಚರ್ ಹೇಳಿದ್ದಾರೆ. ನಾನು ನಿನ್ನ ಹೆಸರು ಕೊಟ್ಟೆ. ದಿನಾ ಬೆಳಿಗ್ಗೆ ನಮ್ಮ ಕ್ಲಾಸಿನವರೆಲ್ಲ ನಿನಗೋಸ್ಕರ ಕೀರ್ತನೆ ಓದುತ್ತೇವೆ.

ಪ್ರೀತಿಯ
ಹೆನಿ


ವಿನಿಪೆಗ್
8 ಫೆಬ್ರವರಿ 1983

ಹೆನಿ,

ನಿನ್ನ ಅಕ್ಷರ ನಿನ್ನ ಅಪ್ಪನ ಅಕ್ಷರಕ್ಕಿಂತ ಚೆನ್ನಾಗಿದೆ. ಕೇಳಬೇಡ ಅಂದರೂ ಕೇಳಿದ್ದು ಇನ್ನೂ ಚೆನ್ನಾಗಿದೆ.

ನನ್ನನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ. ನಾನು ನಮ್ಮಪ್ಪ ಅಮ್ಮನ ಜೊತೆ ಸೆಲ್ಕಿರ್ಕ್ ಬೀದಿಯ ಹಿಂದಿನ ಮನೆಯಲ್ಲಿ ಬೆಳೆದೆ. ಊಟ ಕೋಷರ್ ಇತ್ತು, ಸಾಕಷ್ಟು ಇರಲಿಲ್ಲ. ಅತ್ತದ್ದು ಹಲ್ಲುನೋವಿಗೆ.

ಟೀಚರ್ ಹತ್ತಿರ ಹೇಳು, ಅಜ್ಜಿ ಸೆರೆಯಲ್ಲಿಲ್ಲ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾಳೆ ಅಂತ. ಕೀರ್ತನೆ ನಿಲ್ಲಿಸಬೇಡಿ. ನಮ್ಮ ಪಕ್ಕದ ಮನೆಯ ಮಿಸೆಸ್ ಕಾಮಿನ್ಸ್ಕಿಗೆ ಸೊಂಟನೋವು, ಅವಳ ಹೆಸರಿಗೆ ಬದಲಾಯಿಸಿ.

ನಿನ್ನ ಅಪ್ಪ ಯಾಕೆ ಹಾಗೆ ಹೇಳಿದ ಅನ್ನುವುದನ್ನು ಅವನೇ ನಿನಗೆ ಹೇಳಬೇಕು. ನಾನು ಹೇಳಿಸುತ್ತೇನೆ.

ಅಜ್ಜಿ


ವಿನಿಪೆಗ್
10 ಫೆಬ್ರವರಿ 1983

ಸೆಲ್ವಿನ್,

ಟೊರಾಂಟೊದಲ್ಲಿ ಎಂಟು ವರ್ಷದ ಮಕ್ಕಳೆಲ್ಲ ಸಾಲಾಗಿ ನಿಂತು ನನ್ನ ಬಿಡುಗಡೆಗೆ ಪ್ರಾರ್ಥನೆ ಮಾಡುತ್ತಿದ್ದಾರೆ. ಸಂತೋಷವಾಯಿತೇ?

ನಿನ್ನ ಒಳ್ಳೆಯ ಸುದ್ದಿಯನ್ನು ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ಕಾಮಿನ್ಸ್ಕಿಗೆ ಓದಿ ಹೇಳಿದೆ. ಅವಳಿಗೆ ಹೊಟ್ಟೆಕಿಚ್ಚಾಯಿತು. "ನಂಗೂ ಆ ಸರ್ಟಿಫಿಕೇಟ್ ಸಿಗತ್ತಾ ಬೇಯ್ಲಾ, ಸಿಗಡಿಗೆ ಉಪಯೋಗ ಆಗತ್ತೆ" ಅಂದಳು. ಮೂರನೇ ಸಲ ಓದಿದಾಗ ನನಗೆ ನಗು ಬರಲಿಲ್ಲ.

ನವೆಂಬರಿನಲ್ಲಿ ನನ್ನನ್ನು ವಿಗ್ರಹ ಪೂಜಿಸುವವರ ಸಾಲಿನಲ್ಲಿ ನಿಲ್ಲಿಸಿದ್ದೆ. ಬೈದೆ ನಿಜ, ಆದರೆ ಅದನ್ನು ತಡೆದುಕೊಂಡೆ. ಅದರಲ್ಲಿ ಒಂದು ಮರ್ಯಾದೆಯಿತ್ತು: ಈ ಹೆಂಗಸಿಗೆ ಗೊತ್ತಿದೆ, ಗೊತ್ತಿದ್ದೂ ಮಾಡುತ್ತಾಳೆ, ಆದ್ದರಿಂದ ಅವಳ ವೈನು ಬೇಡ. ಶತ್ರುವಿಗೆ ಕೊಡುವ ಮರ್ಯಾದೆ. ಈಗ ಏನು ಮಾಡಿದ್ದೀಯ? ಎಪ್ಪತ್ತೇಳು ವರ್ಷದ ಮುದುಕಿಯ ಬಾಯಿಗೆ ಹಾಲಿನ ಬಾಟಲಿ ಇಟ್ಟು, "ಪಾಪ, ಇದಕ್ಕೇನೂ ಗೊತ್ತಿಲ್ಲ, ಇದು ಸುರಿದ್ರೂ ನಡೆಯತ್ತೆ" ಅಂದಿದ್ದೀಯ. ಬೆಕ್ಕು ಮೂಸಿದ ಹಾಲಿಗೂ ನೀವು ಇದಕ್ಕಿಂತ ಹೆಚ್ಚು ಯೋಚನೆ ಮಾಡುತ್ತೀರಿ.

ನಿನ್ನ ರಬ್ಬಿ ಕೇಳಿಕೊಳ್ಳಲಿ. ನನ್ನ ಅಪ್ಪ ಕೋಷರ್ ರೀತಿಯಲ್ಲಿ ಕೋಳಿ ಕೊಯ್ಯುವ ಕಸುಬಿನವನು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ. ಸಬ್ಬತ್ತಿನಲ್ಲಿ ಯಾವ ಯಾವ ಕೆಲಸ ನಿಷಿದ್ಧ ಅಂತ ನಾನು ಹಾಡಿನ ಹಾಗೆ ಒಪ್ಪಿಸುತ್ತಿದ್ದೆ. ಅದರಲ್ಲಿ ಹೊಲಿಗೆ ಇದೆ, ಬೆಂಕಿ ಹೊತ್ತಿಸುವುದಿದೆ, ಬರೆಯುವುದಿದೆ.

ಹದಿಮೂರಕ್ಕೆ ಕೋಟು ಹೊಲಿಯುವ ಕಾರ್ಖಾನೆಗೆ ಸೇರಿದೆ. ಯಜಮಾನ ನಮ್ಮವನೇ, ಸಿನಗಾಗಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು. "ಶನಿವಾರ ಬರದೋಳು ಸೋಮವಾರಾನೂ ಬರೋದು ಬೇಡ" ಅಂದ. ಮೊದಲ ಶನಿವಾರ ನಾನು ಕೋಟು ಹಾಕಿಕೊಂಡು ಹೊರಟಾಗ ನನ್ನ ಅಪ್ಪ ಪ್ರಾರ್ಥನೆಯ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದ.

"ಗೊತ್ತಿದೆ ಅಲ್ವಾ?" ಅಂದ.

"ಗೊತ್ತು" ಅಂದೆ.

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೈಯಲಿಲ್ಲ, ಅಳಲಿಲ್ಲ, ನನಗೊಂದು ನೆಪ ಹೊಲಿದು ಕೊಡಲಿಲ್ಲ. ಅವತ್ತಿನಿಂದ ಸಾಯುವವರೆಗೆ ನನ್ನನ್ನು ದೊಡ್ಡವಳ ಹಾಗೆ ಮಾತಾಡಿಸಿದ.

ಹೊಟ್ಟೆಪಾಡು, ಬಡತನ ಅಂತ ನಿನ್ನ ರಬ್ಬಿ ಈಗ ಕರಗಿಬಿಡಬಹುದು. ಕರಗಬೇಡ ಅನ್ನು. ನಾನು ಕಾರ್ಖಾನೆ ಬಿಟ್ಟ ಮೇಲೆ ಯಾರೂ ನನ್ನ ಕತ್ತಿನ ಮೇಲೆ ಕೂತಿರಲಿಲ್ಲ. ನಾವು ಕಾರು ಕೊಂಡೆವು. ಮೊದಲ ಶನಿವಾರ ನಿನ್ನ ಅಪ್ಪ "ನಡ್ಕೊಂಡು ಹೋಗೋಣ" ಅಂದ. ಹೊರಗೆ ಉಗುಳಿದರೆ ಮಂಜಾಗುವ ಚಳಿ. "ನೀನು ನಡಿ, ನಾನು ಬರ್ತೀನಿ" ಅಂತ ಕಾರು ತೆಗೆದೆ. ನನಗೆ ಖುಷಿಯಾಗಿತ್ತು. ಯಾರೂ ನನ್ನನ್ನು ಸೆರೆ ಹಿಡಿದಿರಲಿಲ್ಲ, ಸ್ಟಿಯರಿಂಗ್ ನಾನೇ ಹಿಡಿದಿದ್ದೆ.

ನೀನು ಈ ಪತ್ರವನ್ನು ಓದುತ್ತಿರುವ ನಮ್ಮ ಯಿಡ್ಡಿಷ್ ಭಾಷೆಯ ಅಕ್ಷರ ನಿನಗೆ ಕಲಿಸಿದ್ದು ಯಾರು? ಕೂಸು ಕಲಿಸಿತೇ?

ನಿನ್ನ ಪರವಾನಗಿ ನನಗೆ ಬೇಡ. ಹೋಗಿ ರಬ್ಬಿಗೆ ಹೇಳು: ನನ್ನ ಅಮ್ಮನಿಗೆ ಎಲ್ಲಾ ಗೊತ್ತಿತ್ತು.

ಅಮ್ಮ


ದೇವರ ಸಹಾಯದಿಂದ

ಟೊರಾಂಟೊ
24 ಫೆಬ್ರವರಿ 1983

ಅಮ್ಮ,

ಇದನ್ನು ಡ್ವೋರಾಗೂ ತೋರಿಸದೆ ಬರೆಯುತ್ತಿದ್ದೇನೆ.

ರಬ್ಬಿಗೆ ನಾನು ಅದನ್ನು ಹೇಳಿದರೆ ಎಲ್ಲ ಮುಗಿಯಿತು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅವರಿಗೆ ಗೊತ್ತಿತ್ತಾ?" ಗೊತ್ತಿರಲಿಲ್ಲ ಎಂದೆ. ಅದರ ಮೇಲೆ ಇಡೀ ಪರವಾನಗಿ ನಿಂತಿದೆ. ನೀನು ಕುದಿಸಿದ ವೈನು ಬೇಡ ಎನ್ನುತ್ತೀಯ, ಇದೂ ಬೇಡ ಎನ್ನುತ್ತೀಯ. ಆಮೇಲೆ ನಾನು ಯಾವ ಬಾಗಿಲಿನಿಂದ ಒಳಗೆ ಬರಲಿ?

ನೀನು ಸುಳ್ಳು ಹೇಳಬೇಕಾಗಿಲ್ಲ. ಏನೂ ಹೇಳದಿದ್ದರೆ ಸಾಕು. ಹಬ್ಬದ ಎರಡು ರಾತ್ರಿ ಸುಮ್ಮನಿರು, ಅಷ್ಟೇ ಕೇಳುತ್ತಿದ್ದೇನೆ. ಅಪ್ಪ ಇಲ್ಲದ ಆ ಮೇಜಿನಲ್ಲಿ ನಿನ್ನನ್ನು ಒಬ್ಬಳೇ ಕೂರಿಸಲು ನನಗೆ ಆಗುವುದಿಲ್ಲ.

ಹೆನಿ ನಿನ್ನ ಪತ್ರ ಹಿಡಿದುಕೊಂಡು ಬಂದು "ಅಜ್ಜಿನ ಯಾರೂ ಹಿಡಿದಿರ್ಲಿಲ್ವಂತೆ, ಹಾಗಾದ್ರೆ ಶನಿವಾರ ಕಾರು ಯಾಕೆ ಓಡಿಸ್ತಾರೆ?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.

ಸೆಲ್ವಿನ್


ವಿನಿಪೆಗ್
6 ಮಾರ್ಚ್ 1983

ಸೆಲ್ವಿನ್,

ಸಹಿ ನೋಡಿದೆ. ಅದರಿಂದ ನಾನು ಮೆತ್ತಗಾಗುತ್ತೇನೆ ಅಂದುಕೊಂಡಿದ್ದರೆ ತಪ್ಪು. ಆದರೆ ನೋಡಿದೆ.

ಸುಮ್ಮನಿರು ಅನ್ನುತ್ತೀಯ. ನಾನು ಸುಮ್ಮನಿರುವುದು ಅಂದರೆ ಏನು ಗೊತ್ತೇ? ಹೆನಿ ನನ್ನ ಪಕ್ಕದಲ್ಲಿ ಕೂತು, ಪಾಪ ಅನ್ನುವ ಕಣ್ಣಿನಿಂದ ನನ್ನನ್ನು ನೋಡುತ್ತಾಳೆ. ನಾನು ಸತ್ತ ಮೇಲೆ ಅವಳ ಮಕ್ಕಳಿಗೆ "ನನ್ನ ಅಜ್ಜಿಗೆ ಏನೂ ತಿಳೀತಿರ್ಲಿಲ್ಲ" ಅನ್ನುತ್ತಾಳೆ. ಅದಕ್ಕಿಂತ "ನನ್ನ ಅಜ್ಜಿ ಕೆಟ್ಟವಳು" ಅನ್ನಲಿ. ಕೆಟ್ಟವಳು ಅಂದರೆ ಒಂದು ಮನುಷ್ಯಜೀವ. ತಿಳಿಯದವಳು ಅಂದರೆ ಪೀಠೋಪಕರಣ.

ಯಾವ ಬಾಗಿಲಿನಿಂದ ಬರಲಿ ಅಂತ ಕೇಳಿದ್ದೀಯ. ಇಷ್ಟು ಓದಿದವನಿಗೆ ಬಾಗಿಲು ಎಲ್ಲಿದೆ ಅಂತ ನಾನು ತೋರಿಸಬೇಕು. ಕೇಳು.

ಕುದಿಸಿದ ವೈನು ನನ್ನ ಮೇಜು ಹತ್ತಕೂಡದು ಅಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಾನು ಮಾತು ವಾಪಸು ತೆಗೆದುಕೊಳ್ಳುವುದನ್ನು ನೀನು ಹಿಂದೆ ಕಂಡಿಲ್ಲ, ಮುಂದೆಯೂ ಕಾಣುವುದಿಲ್ಲ. ನಿನಗೆ ಬೇಕಾದ ವೈನು ತಾ. ಕುದಿಸಿದ್ದಾದರೂ ಸರಿ, ಕುದಿಸದ ಒಳ್ಳೆಯದಾದರೂ ಸರಿ. ಒಳ್ಳೆಯದನ್ನೇ ತಾ ಅನ್ನುತ್ತೇನೆ, ಹಬ್ಬದ ದಿನ ಯಾಕೆ ಆ ಕಷಾಯ ಕುಡಿಯುತ್ತೀಯ? ಮೇಜಿನ ಆ ತುದಿಯಲ್ಲಿ ನಿನ್ನ ಸೀಸೆ ಇರಲಿ. ನಾನು ಅದನ್ನು ಮುಟ್ಟುವುದಿಲ್ಲ. ಹತ್ತಿರವೂ ಹೋಗುವುದಿಲ್ಲ, ನಿನ್ನ ಹೆಂಡತಿ ಬೇಕಾದರೆ ಕಾವಲು ಕೂರಲಿ. ಈ ತುದಿಯಲ್ಲಿ ನನ್ನ ಹೂಜಿ ಇರುತ್ತದೆ. ನೀವು ಅದನ್ನು ಕುಡಿಯಬೇಡಿ. ನಿಮಗೆ ಅದು ನಿಷಿದ್ಧ, ಯಾಕೆಂದರೆ ಅದನ್ನು ಮಾಡಿದವಳಿಗೆ ಎಲ್ಲಾ ಗೊತ್ತು. ನಿನ್ನ ನಿಯಮಕ್ಕೆ ನಾನು ಇಷ್ಟು ಮರ್ಯಾದೆ ಕೊಡಬಲ್ಲೆ. ನಿನ್ನ ಕರುಣೆಯನ್ನು ಮಾತ್ರ ನುಂಗಲಾರೆ.

ಪಸ್ಕದ ರಾತ್ರಿ ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ, ಒಬ್ಬರಿಗೆ ಇನ್ನೊಬ್ಬರು ಸುರಿಯುತ್ತಾರೆ. ನಮ್ಮ ಮನೆಯಲ್ಲಿ ಯಾವತ್ತೂ ಹಾಗೇ. ನಿನ್ನ ಲೋಟಕ್ಕೆ ಹೆನಿ ಸುರಿಯಲಿ, ನಿನ್ನ ಸೀಸೆಯಿಂದ. ನನ್ನ ಲೋಟಕ್ಕೆ ನನ್ನ ಹೂಜಿಯಿಂದ ನೀನು ಸುರಿಯಬೇಕು, ಆ ರಾತ್ರಿ ಕುಡಿಯುವ ನಾಲ್ಕು ಲೋಟಕ್ಕೂ ನೀನೇ. ನೀನು ಮುಟ್ಟಿದರೆ ನನ್ನ ವೈನಿಗೆ ಏನೂ ಆಗುವುದಿಲ್ಲ. ನನ್ನಲ್ಲಿ ಅಂಥ ನಿಯಮವಿಲ್ಲ.

ಆದರೆ ವಿಮಾನ ಹತ್ತುವ ಮೊದಲು ಎರಡು ಕೆಲಸ ಇದೆ. ರಬ್ಬಿಯ ಹತ್ತಿರ ಹೋಗಿ "ನಮ್ಮಮ್ಮನಿಗೆ ಗೊತ್ತಿತ್ತು" ಅಂತ ಹೇಳು. ಅವನು ಮುಖ ಹುಳಿ ಮಾಡಿಕೊಂಡರೆ ಮಾಡಿಕೊಳ್ಳಲಿ. ಆಮೇಲೆ ಮನೆಗೆ ಬಂದು ಹೆನಿಯನ್ನು ಕೂರಿಸಿಕೊಂಡು, ಅವಳು ಕೇಳಿದ್ದಕ್ಕೆ ಉತ್ತರ ಹೇಳು. ಅಜ್ಜಿಯನ್ನು ಯಾರೂ ಹಿಡಿದಿರಲಿಲ್ಲ, ಅಜ್ಜಿ ನಿಯಮ ಕಲಿತಿದ್ದಳು, ಕಲಿತ ಮೇಲೆ ಇಷ್ಟನ್ನು ಇಟ್ಟುಕೊಂಡಳು, ಇಷ್ಟನ್ನು ಬಿಟ್ಟಳು ಅಂತ. ಅದು ತಪ್ಪು ಅಂತಲೂ ಸೇರಿಸು, ನೀನು ಹಾಗೇ ನಂಬುವುದಾದರೆ. ನನ್ನ ಅಭ್ಯಂತರವಿಲ್ಲ. ಯಾಕೆ ಬಿಟ್ಟಳು ಅಂತ ಅವಳು ಮತ್ತೆ ಕೇಳಿದರೆ, ಅದನ್ನು ಮೇಜಿನಲ್ಲಿ ನನ್ನನ್ನೇ ಕೇಳಲಿ. ಪ್ರಶ್ನೆ ಕೇಳುವುದಕ್ಕೇ ಇರುವ ಹಬ್ಬ ಅದು.

ಇದು ಆಗದಿದ್ದರೆ ಬರಬೇಡ. ಕಾಮಿನ್ಸ್ಕಿಯನ್ನು ಕೂರಿಸಿಕೊಂಡು ಪುಸ್ತಕದ ಒಂದು ಹಾಳೆಯನ್ನೂ ಹಾರಿಸದೆ ಓದುತ್ತೇನೆ. ಅವಳು ತೂಕಡಿಸುತ್ತಾಳೆ. ನಾನು ಓದುತ್ತೇನೆ.

ಹಬ್ಬ 28ರ ಸೋಮವಾರ ಸಂಜೆ. ಮೀನಿನವನಿಗೆ ಒಂದು ವಾರ ಮೊದಲೇ ಹೇಳಬೇಕು, ಇಬ್ಬರಿಗೋ ಏಳು ಜನಕ್ಕೋ ಅಂತ. ಹೆನಿಗೆ ನೀನು ಏನು ಹೇಳಿದೆ ಅನ್ನುವುದನ್ನು ಹೇಳಿದ ಹಾಗೆಯೇ, ಮಾತಿಗೆ ಮಾತು ಬರೆದು ಕಳಿಸು. ಫೋನು ಮಾಡಬೇಡ. ಮಾರ್ಚ್ 18, ಶುಕ್ರವಾರದ ಟಪಾಲಿನಲ್ಲಿ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಬೇಯ್ಲಾ ಗುರೆವಿಚ್